ಪಂಕ್ಚರ್ ಸಾಮಾನು ಕಳಿಸಿದ್ದೇನೆ

ಪುಟ್ಟಿ,

ಬುಲೆಟ್ಟನ್ನು ಎರಡು ಕಿಲೋಮೀಟರ್ ತಳ್ಳಿಕೊಂಡು ಹೋದೆ ಅಂತ ನಿನ್ನೆ ನೀನು ಹೇಳಿದಾಗ ನಿಮ್ಮಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯೋಕಾಗಲ್ಲ. ಆ ಗಾಡಿ ಕೊಡಿಸಿದವನು ನಾನೇ ಅಲ್ವಾ. ಫೋನಿನಲ್ಲಿ ಹೇಳಿದರೆ "ಆಯ್ತಪ್ಪ, ಆಯ್ತಪ್ಪ" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ಓಡಿಸದೆ ತಳ್ಳಿದ್ದು ಒಳ್ಳೆಯದಾಯಿತು. ಗಾಳಿ ಇಲ್ಲದ ಟೈರಿನಲ್ಲಿ ಓಡಿಸಿದರೆ ಟ್ಯೂಬು ವಾಲ್ವ್ ಬುಡದಲ್ಲೇ ಹರಿಯುತ್ತದೆ, ಆಮೇಲೆ ಅದಕ್ಕೆ ಪ್ಯಾಚ್ ಕೂರುವುದಿಲ್ಲ. ನಿನ್ನದು ಸ್ಪೋಕ್ ಚಕ್ರ, ಒಳಗೆ ಟ್ಯೂಬ್ ಇದೆ. ಟ್ಯೂಬ್‌ಲೆಸ್‌ಗೆ ಮಾಡುವ ಹಾಗೆ ಹೊರಗಿಂದಲೇ ರಬ್ಬರ್ ಬತ್ತಿ ಚುಚ್ಚಿ ಮುಗಿಸೋಕಾಗಲ್ಲ. ಹಾಗಂತ ಹಿಂದಿನ ಚಕ್ರ ಬಿಚ್ಚಲೇಬೇಕು ಅಂತಲೂ ಇಲ್ಲ.

ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ನಿಧಾನ ತಿರುಗಿಸು. ಮೊಳೆ ಸಿಕ್ಕಿದರೆ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ ಕೀಳು. ವಾಲ್ವ್ ಪಿನ್ ಬಿಚ್ಚಿ ಉಳಿದ ಗಾಳಿ ಪೂರ್ತಿ ಬಿಡು. ಟೈರಿನ ಒಂದು ಅಂಚನ್ನು ಕಾಲಲ್ಲಿ ಒತ್ತಿ ರಿಮ್‌ನ ನಡುವಿನ ತಗ್ಗಿಗೆ ಇಳಿಸಿದರೆ ಎದುರು ಬದಿ ಸಡಿಲ ಆಗುತ್ತದೆ, ಆಗ ಎರಡು ಲಿವರ್ (ಟೈರ್ ಎಬ್ಬಿಸುವ ಕಬ್ಬಿಣದ ಪಟ್ಟಿ) ಹಾಕಿ ಎಬ್ಬಿಸು. ಇಲ್ಲಿ ಬಲ ಜಾಸ್ತಿ ಬೇಡ. ಬಲ ಬೇಕು ಅನ್ನಿಸಿದರೆ ಅಂಚು ಇನ್ನೂ ತಗ್ಗಿಗೆ ಇಳಿದಿಲ್ಲ ಅಂತ ಲೆಕ್ಕ. ಟ್ಯೂಬು ಹೊರಗೆಳೆದು ಸ್ವಲ್ಪ ಗಾಳಿ ತುಂಬಿ ತುಟಿಯ ಹತ್ತಿರ ಹಿಡಿ, ತೂತು ಎಲ್ಲಿದೆ ಅಂತ ತುಟಿಗೆ ಬೇಗ ಗೊತ್ತಾಗುತ್ತದೆ. ತೂತಿನ ಸುತ್ತ ಉಜ್ಜು, ಸೊಲ್ಯೂಷನ್ (ಪ್ಯಾಚ್ ಅಂಟಿಸುವ ಅಂಟು) ಹಚ್ಚು, ಅದು ಒಣಗುವವರೆಗೆ ಸುಮ್ನೆ ಕೂತಿರು. ಹಸಿ ಇರುವಾಗಲೇ ಪ್ಯಾಚ್ ಹಾಕಿದರೆ ಜಾರುತ್ತದೆ.

ಇನ್ನು ನಾನು ಮಾಡಿದ ಎಡವಟ್ಟು. 2022ರಲ್ಲಿ ಮಾರಿಕಣಿವೆ ಅಣೆಕಟ್ಟು 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ನೋಡೋಕೆ ಅಂತ ನಾನೂ ನಿಮ್ಮಮ್ಮನೂ ಬೈಕಿನಲ್ಲಿ ಹೊರಟಿದ್ದೆವು. ಹಿರಿಯೂರು ಕಡೆ ಬಳ್ಳಾರಿ ಜಾಲಿ ಮುಳ್ಳು ಹೇಗಿದೆ ಅಂತ ನಿನಗೆ ಗೊತ್ತೇ ಇದೆ. ಹಿಂದಿನ ಟೈರು ಕೂತಿತು. ನಿಮ್ಮಮ್ಮನ ಮುಂದೆ ದೊಡ್ಡ ಮೆಕ್ಯಾನಿಕ್ ಥರ ಅರ್ಧ ಗಂಟೆಯಲ್ಲಿ ಪ್ಯಾಚ್ ಹಾಕಿದೆ. ಒಂದು ಕಿಲೋಮೀಟರ್ ಹೋಗಿಲ್ಲ, ಮತ್ತೆ ಕೂತಿತು. ನಾನು ಸೊಲ್ಯೂಷನ್ನನ್ನು ಬೈಯುತ್ತಾ ಇದ್ದೆ. ಅವಳು ಕರವಸ್ತ್ರ ಸುತ್ತಿಕೊಂಡ ಬೆರಳನ್ನು ಟೈರಿನ ಒಳಗೆ ಸುತ್ತಲೂ ಆಡಿಸಿದಳು. ಒಂದು ಕಡೆ ಎಳೆ ಸಿಕ್ಕಿಕೊಂಡಿತು. "ಇಲ್ಲಿ ನೋಡ್ರೀ." ಮುರಿದ ಮುಳ್ಳಿನ ತುದಿ, ಸಾಸಿವೆಯಷ್ಟೂ ಇರಲಿಲ್ಲ. ಹೊರಗಿಂದ ಏನೂ ಕಾಣುತ್ತಿರಲಿಲ್ಲ.

ಅದಕ್ಕೇ ಟ್ಯೂಬು ವಾಪಸ್ ಸೇರಿಸುವ ಮೊದಲು ಬಟ್ಟೆ ಆಡಿಸು. ಬರಿಗೈ ಹಾಕಬೇಡ, ತಂತಿ ಚೂರಿದ್ದರೆ ಕೊಯ್ಯುತ್ತದೆ. ಟ್ಯೂಬಿಗೆ ಚೂರು ಗಾಳಿ ತುಂಬಿಯೇ ಒಳಗೆ ಸೇರಿಸು, ಮಡಚಿಕೊಳ್ಳುವುದಿಲ್ಲ. ಕೊನೆಯ ಗೇಣು ಅಂಚನ್ನು ಕೈಯಲ್ಲೇ ಒತ್ತಿ ಕೂರಿಸಲು ನೋಡು, ಅಲ್ಲಿ ಲಿವರ್ ಹಾಕಿದವರು ಟ್ಯೂಬು ಕಚ್ಚಿಸಿ ಎರಡು ಹೊಸ ತೂತು ಮಾಡಿರುತ್ತಾರೆ (ನಾನೂ ಮಾಡಿದ್ದೇನೆ).

ಹತ್ತಿರದಲ್ಲಿ ಪಂಕ್ಚರ್ ಅಂಗಡಿ ಇದ್ದರೆ ಅಲ್ಲೇ ಹಾಕಿಸು, ದುಡ್ಡು ಉಳಿಸೋಕೆ ಇದೆಲ್ಲ ಹೇಳುತ್ತಿಲ್ಲ. ಕತ್ತಲಾಗಿದ್ದರೆ ರಿಪೇರಿ ಬೇಡವೇ ಬೇಡ. ಗಾಡಿಯನ್ನು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನನಗೆ ಫೋನ್ ಮಾಡು.

ಲಿವರ್, ಪಂಪು, ಪ್ಯಾಚು ಎಲ್ಲ ಕೊರಿಯರ್ ಮಾಡಿದ್ದೇನೆ. ಸೊಲ್ಯೂಷನ್ ಎರಡು ಇಟ್ಟಿದ್ದೇನೆ, ಒಂದು ಸಲ ಬಾಯಿ ತೆರೆದದ್ದು ಮುಂದಿನ ಸಲಕ್ಕೆ ಒಣಗಿರುತ್ತದೆ. ಜೊತೆಗೆ ಒಂದು ಹಳೇ ಕರವಸ್ತ್ರ ಇದೆ. ಅದು ಕೈ ಒರೆಸೋಕಲ್ಲ ಅಂತ ಬರೀರಿ ಅಂದಳು ನಿಮ್ಮಮ್ಮ.

ಅಪ್ಪ