ಮೂರು ಸಲ ಬಂದರೂ ಸರಿಹೋಗದ ದೋಣಿಯ ಟಾಯ್ಲೆಟ್: ಒಂದು ದೂರು

ಇವರಿಗೆ,
ಮುಖ್ಯಸ್ಥರು,
ಸೇವಾ ವಿಭಾಗ

ವಿಷಯ: ಟಾಯ್ಲೆಟ್ ಮತ್ತು ಹೋಲ್ಡಿಂಗ್ ಟ್ಯಾಂಕ್ ರಿಪೇರಿಯಲ್ಲಿ ಆದ ತಪ್ಪುಗಳು, ಹಣ ವಾಪಸಾತಿ ಬಗ್ಗೆ

ಮಾನ್ಯರೇ,

ನನ್ನ ಹಾಯಿದೋಣಿಯ ಟಾಯ್ಲೆಟ್ ರಿಪೇರಿಗೆ ನಿಮ್ಮವರು ಮೂರು ಸಲ ಬಂದು ಹೋದರು. ಮೂರು ಬಿಲ್ ಕೂಡ ಬಂತು. ಒಂದು ಜೋಕರ್ ವಾಲ್ವ್, ಒಂದು ಹೊಸ ಪಂಪ್, ಮೂರು ಮೀಟರ್ ಹೋಸ್, ಒಂದು ಬಾಟಲಿ ನೀಲಿ ಔಷಧಿ. ಕೊನೆಗೆ ತೊಂದರೆ ಎಲ್ಲಿದೆ ಎಂದು ಹುಡುಕಿದ್ದು ನಾನು, ಒಂದು ಸ್ಕ್ರೂಡ್ರೈವರ್ ಹಿಡಿದುಕೊಂಡು. ಮೂರು ಸಲವೂ ನಿಮ್ಮವರು ಕಣ್ಣೆತ್ತಿಯೂ ನೋಡದ ಕೊಳವೆಯಲ್ಲಿ ಅದು ಕೂತಿತ್ತು.

ಮೊದಲ ಸಲ ಫೋನ್ ಮಾಡಿದಾಗ ನಾನು ಹೇಳಿದ್ದು ಇಷ್ಟು. ಕೈಪಂಪ್ ಬಿಗಿಯಾಗಿದೆ, ಕೊನೆಯ ನಾಲ್ಕೈದು ಒತ್ತು ಸ್ಪ್ರಿಂಗ್ ಅದುಮಿದ ಹಾಗೆ ಇರುತ್ತದೆ. ಫ್ಲಶ್ ಮಾಡಿ ಅರ್ಧ ಗಂಟೆಗೆ ಕೊಳಕು ನೀರು ತಿರುಗಿ ಕಮೋಡ್‌ಗೆ ಏರಿ ಬರುತ್ತದೆ. ಕ್ಯಾಬಿನ್ ಒಳಗೆ ಕೊಳೆತ ಮೊಟ್ಟೆಯ ವಾಸನೆ. ಮಲ ಕೂಡಿಡುವ ಹೋಲ್ಡಿಂಗ್ ಟ್ಯಾಂಕ್ ಖಾಲಿ ಮಾಡಿಸಲು ಹೋದರೆ, ಹೀರುವ ಯಂತ್ರ ಸ್ವಲ್ಪ ಹೊತ್ತು ಎಳೆದು ಅರ್ಧಕ್ಕೇ ನಿಂತುಬಿಡುತ್ತದೆ. ಈ ಕೊನೆಯ ಮಾತನ್ನು ಮತ್ತೊಮ್ಮೆ ಓದಿ. ನಿಮ್ಮ ಕೆಲಸದ ಚೀಟಿಯಲ್ಲೂ ಅದನ್ನು ಬರೆದುಕೊಂಡಿದ್ದೀರಿ.

ಬಂದ ಹುಡುಗ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಹಿಂದೆ ಬರುತ್ತಿದೆ ಎಂದ ಕೂಡಲೇ ಜೋಕರ್ ವಾಲ್ವ್ ಬದಲಾಯಿಸಿ ಹೊರಟುಬಿಟ್ಟ. ಪಂಪ್‌ನಿಂದ ಹೊರಗೆ ಹೋದದ್ದು ವಾಪಸ್ ಬರದಂತೆ ತಡೆಯುವ ರಬ್ಬರ್ ತುಟಿ ಅದು. ಹಳತಾದರೆ ಸಡಿಲವಾಗುತ್ತದೆ, ನಿಜ. ಮೊದಲು ಅದನ್ನು ನೋಡಿದ್ದರಲ್ಲಿ ತಪ್ಪೇನಿಲ್ಲ. ಆದರೆ ಹೊಸ ವಾಲ್ವ್ ಎರಡೇ ದಿನಕ್ಕೆ ಸೋತಿತು. ಹೊಸ ರಬ್ಬರ್ ಎರಡು ದಿನಕ್ಕೆ ಸವೆಯುವುದಿಲ್ಲ, ಅಲ್ವಾ? ಹಿಂದಿನಿಂದ ಏನೋ ಜೋರಾಗಿ ದೂಡುತ್ತಿದೆ ಎಂದು ಆಗಲೇ ಹೊಳೆಯಬೇಕಿತ್ತು.

ಎರಡನೇ ಭೇಟಿಯಲ್ಲಿ ಪಂಪ್ ಹಳೆಯದಾಗಿದೆ ಎಂದು ಇಡೀ ಪಂಪನ್ನೇ ಬದಲಾಯಿಸಿದರು. ಆಮೇಲೆ ಒಂದು ಪವಾಡ ನಡೆಯಿತು. ಪಂಪ್ ಹಗುರ, ನೀರು ಹಿಂದೆ ಬರುವುದು ಬಂದ್. ನಾನು ನಿಮಗೆ ಧನ್ಯವಾದದ ಮೆಸೇಜ್ ಕೂಡ ಕಳಿಸಿದೆ. ಅದನ್ನು ಈಗ ವಾಪಸ್ ತೆಗೆದುಕೊಳ್ಳುತ್ತೇನೆ.

ಯಾಕೆಂದರೆ ನಾಲ್ಕು ಜನ ಎರಡು ದಿನ ದೋಣಿಯಲ್ಲಿದ್ದರೂ ಟ್ಯಾಂಕ್ ಮಾಪಕದ ಮುಳ್ಳು ಒಂದು ಕೂದಲಿನಷ್ಟೂ ಅಲುಗಲಿಲ್ಲ. ಮುಳ್ಳು ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಮೂರನೇ ದಿನ ಬೆಳಗ್ಗೆ ಫ್ಲಶ್ ಮಾಡಿಸಿ, ನಾನು ಡೆಕ್ ಮೇಲಿಂದ ಬಗ್ಗಿ ನೋಡಿದೆ. ದೋಣಿಯ ಪಕ್ಕದಲ್ಲೇ ನೀರು ಕದಡಿತ್ತು. ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆಗಿದ್ದು ಇಷ್ಟು. ಪಂಪ್ ಕೂರಿಸುವಾಗ ನಿಮ್ಮವರು ವೈ ವಾಲ್ವ್ ಬಿಚ್ಚಿದ್ದಾರೆ. ಮಲವನ್ನು ಟ್ಯಾಂಕಿಗೆ ಕಳಿಸಬೇಕೋ ಹೊರಗೆ ಬಿಡಬೇಕೋ ಎಂದು ತಿರುಗಿಸುವ ವಾಲ್ವ್ ಅದು. ಅದರ ಹಿಡಿಕೆಯನ್ನು ತಿರುವು ಮುರುವು ಕೂರಿಸಿದ್ದಾರೆ. ಹಿಡಿಕೆ ‘ಟ್ಯಾಂಕ್’ ಎಂದು ತೋರಿಸುತ್ತಿದ್ದರೆ ದಾರಿ ತೆರೆದಿದ್ದು ಹೊರಕ್ಕೆ. ಸಾಲದ್ದಕ್ಕೆ ದೋಣಿಯ ತಳದ ಹೊರ ವಾಲ್ವನ್ನೂ ತೆರೆದಿಟ್ಟು ಹೋಗಿದ್ದಾರೆ. ಅದನ್ನು ನಾನು ಯಾವಾಗಲೂ ಮುಚ್ಚಿಯೇ ಇಡುವವನು.

ಹಡಗುಗಳಿಂದ ಸಮುದ್ರ ಕೊಳೆಯಾಗದಂತೆ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ 4ನೇ ಅನುಬಂಧದ ಪ್ರಕಾರ ದೊಡ್ಡ ಹಡಗುಗಳೇ ಸಂಸ್ಕರಿಸದ ಮಲವನ್ನು ದಡದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ, 4 ನಾಟ್‌ಗಿಂತ ಕಡಿಮೆಯಿಲ್ಲದ ವೇಗದಲ್ಲಿ ಸಾಗುತ್ತಾ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಆ ನಿಯಮ ಬರೆದಿರುವುದು 400 ಟನ್ ಮೇಲಿನ, ಇಲ್ಲವೇ 15ಕ್ಕಿಂತ ಜಾಸ್ತಿ ಜನರನ್ನು ಒಯ್ಯುವ ಹಡಗುಗಳಿಗೆ, ನನ್ನ ಪುಟ್ಟ ದೋಣಿಗಲ್ಲ. ಇರಲಿ. ನಾನು ಲಂಗರು ಹಾಕಿದ್ದು ದಡದಿಂದ 200 ಮೀಟರ್‌ನಲ್ಲಿ, ಮಕ್ಕಳು ಈಜುವ ಜಾಗದಲ್ಲಿ. ಎರಡು ದಿನ ನಮ್ಮ ಮಕ್ಕಳೂ ಅಲ್ಲೇ ಈಜಿದ್ದಾರೆ. ಈ ಪತ್ರದಲ್ಲಿ ಬೇರೆ ಎಲ್ಲವನ್ನೂ ನಾನು ಮರೆಯಬಹುದು, ಇದನ್ನು ಮಾತ್ರ ಆಗುವುದಿಲ್ಲ.

ಹಿಡಿಕೆ ಸರಿಯಾದ ಕಡೆಗೆ ತಿರುಗಿಸಿದೆ. ಅದೇ ದಿನ ಹಳೆಯ ಕಾಟ ವಾಪಸ್ ಬಂತು. ಪಂಪ್ ಬಿಗಿ, ಕಮೋಡ್‌ನಲ್ಲಿ ನೀರು, ವಾಸನೆ. ಅಂದರೆ ಟ್ಯಾಂಕಿಗೆ ಕಳಿಸಿದರೆ ಮಾತ್ರ ತೊಂದರೆ, ಹೊರಗೆ ಬಿಟ್ಟರೆ ಇಲ್ಲ. ಇದಕ್ಕಿಂತ ಸ್ಪಷ್ಟ ಸುಳಿವು ಬೇಕೇ? ಇದನ್ನೂ ನಿಮಗೆ ಫೋನಿನಲ್ಲಿ ಹೇಳಿದೆ. ಮೂರನೇ ಸಲ ಬಂದವರು ಕಮೋಡ್‌ನಿಂದ ವೈ ವಾಲ್ವ್‌ವರೆಗಿನ ಹೋಸ್‌ನಲ್ಲಿ ಸುಣ್ಣ ಕಟ್ಟಿದೆ ಎಂದು ಅದನ್ನು ಕತ್ತರಿಸಿ ಬದಲಾಯಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ತುಂಡು ಎರಡು ದಾರಿಗೂ ಒಂದೇ. ಅದು ಕಟ್ಟಿಕೊಂಡಿದ್ದರೆ ಹೊರಗೆ ಬಿಡುವಾಗಲೂ ಪಂಪ್ ಬಿಗಿಯಾಗಿರಬೇಕಿತ್ತು. ಸಮುದ್ರದ ನೀರು ಮತ್ತು ಮೂತ್ರ ಸೇರಿದರೆ ಗಟ್ಟಿ ಪದರ ಕೂರುವುದು ಸಹಜ. ಆದರೆ ಕತ್ತರಿಸಿದ ಹೋಸ್ ನನ್ನ ಹತ್ತಿರವೇ ಇದೆ. 38 ಮಿಲಿಮೀಟರ್ ಕೊಳವೆಯಲ್ಲಿ ಪದರ ಇರುವುದು ಉಗುರಿನಷ್ಟು ದಪ್ಪ. ಬೇಕಾದರೆ ಬಂದು ನೋಡಿ. ಕೊನೆಗೆ ವಾಸನೆಗೆ ಎಂದು ನೀಲಿ ಔಷಧಿ ಸುರಿದು ಹೋದರು. ಕೊಳೆತ ಮೊಟ್ಟೆಯ ಜೊತೆ ಈಗ ಹೂವಿನ ವಾಸನೆಯೂ ಸೇರಿತು.

ಆ ಭಾನುವಾರ ಎಲ್ಲರನ್ನೂ ಕೆಳಗಿಳಿಸಿ ನಾನೇ ಕೂತೆ. ಕಿಟಕಿ, ಮೇಲಿನ ಮುಚ್ಚಳ ಎಲ್ಲ ತೆರೆದೆ. ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ವಿಷದ ಗಾಳಿ, ಮೀಥೇನ್ ಬೆಂಕಿ ಹತ್ತುವ ಗಾಳಿ, ಆಟವಾಡುವ ವಸ್ತುಗಳಲ್ಲ. ಟ್ಯಾಂಕಿನ ನೆತ್ತಿಯಿಂದ ಹೊರಡುವ, ಗಾಳಿ ಆಡಲು ಇರುವ ವೆಂಟ್ ಕೊಳವೆಯ ಕ್ಲಿಪ್ ಸಡಿಲಿಸಿದೆ. ಬುಸ್ ಎಂದು ಗಾಳಿ ಹೊರಬಂತು, ಪ್ರೆಷರ್ ಕುಕ್ಕರ್ ಸೀಟಿ ಎತ್ತಿದ ಹಾಗೆ. ಆಮೇಲೆ ಪಂಪ್ ಒತ್ತಿದರೆ ಬೆಣ್ಣೆಯ ಹಾಗೆ ಇಳಿಯಿತು. ಕಳಚಿದ ವೆಂಟ್ ಕೊಳವೆಗೆ ಸೈಕಲ್ ಪಂಪ್ ಇಟ್ಟು ಊದಿದೆ (ಬಾಯಿ ಇಡುವ ಧೈರ್ಯ ಬರಲಿಲ್ಲ). ಗಾಳಿ ದಾಟಲೇ ಇಲ್ಲ. ನಡುವೆ ಇದ್ದ, ವಾಸನೆ ಹೀರುವ ಇದ್ದಿಲು ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಒದ್ದೆಯಾಗಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು.

ಆ ಫಿಲ್ಟರ್ ಹಾಕಿದ್ದು ಯಾರು ಗೊತ್ತಾ? ಕಳೆದ ವರ್ಷದ ಸರ್ವಿಸ್‌ನಲ್ಲಿ ನೀವೇ. ಅದನ್ನು ಟ್ಯಾಂಕಿನ ನೆತ್ತಿಗಿಂತ ಕೆಳಗೆ, ಅಡ್ಡಲಾಗಿ ಕಟ್ಟಿದ್ದೀರಿ. ಕೊಳವೆ ಮಧ್ಯದಲ್ಲಿ ತೊಟ್ಟಿಲಿನಂತೆ ಜೋತು ಬಿದ್ದಿದೆ. ಟ್ಯಾಂಕ್ ತುಂಬಿದಾಗ ಹಾಯಿದೋಣಿ ವಾಲಿದರೆ ಮಲದ ನೀರು ನೇರ ಅಲ್ಲಿಗೇ ಇಳಿಯುತ್ತದೆ. ಒದ್ದೆಯಾದ ಇದ್ದಿಲಿನಲ್ಲಿ ಗಾಳಿ ಆಡುವುದಿಲ್ಲ. ಟ್ಯಾಂಕಿಗೆ ಏನು ಸೇರಿದರೂ ಅಷ್ಟೇ ಗಾಳಿ ಹೊರಗೆ ಹೋಗಬೇಕು. ಹೋಗದಿದ್ದರೆ ಒತ್ತಡ ಬೆಳೆದು ಜೋಕರ್ ವಾಲ್ವ್ ಸೀಳಿ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಖಾಲಿ ಮಾಡುವಾಗ ಉಲ್ಟಾ. ಒಳಗೆ ಗಾಳಿ ಬರದಿದ್ದರೆ ಯಂತ್ರ ಎಳೆಯುವುದು ಟ್ಯಾಂಕಿನ ಗೋಡೆಯನ್ನೇ. ನನ್ನ ಟ್ಯಾಂಕಿನ ಒಂದು ಬದಿ ಈಗ ಸ್ವಲ್ಪ ಒಳಕ್ಕೆ ಬಾಗಿದೆ. ವಾಸನೆಗೂ ಕಾರಣ ಇದೇ. ಗಾಳಿ ಸಿಗದ ಕಡೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳದ್ದೇ ರಾಜ್ಯ, ಆ ಮೊಟ್ಟೆ ವಾಸನೆ ಅವುಗಳ ಕೆಲಸ. ಸದ್ಯಕ್ಕೆ ಫಿಲ್ಟರ್ ತೆಗೆದು ಬರೀ ಕೊಳವೆ ಜೋಡಿಸಿದ್ದೇನೆ. ನಾಲ್ಕು ದಿನದಲ್ಲಿ ವಾಸನೆ ಮುಕ್ಕಾಲು ಕಡಿಮೆಯಾಯಿತು.

ಹಾಗಾಗಿ ನಾನು ಕೇಳುವುದು ಇದು. ಮೂರೂ ಭೇಟಿಗಳ ಕೂಲಿ ಪೂರ್ತಿ ವಾಪಸ್ ಕೊಡಿ. ಪಂಪ್ ಮತ್ತು ಹೋಸ್‌ನ ಬೆಲೆಯನ್ನೂ ಕೊಡಿ, ಎರಡೂ ಬೇಕಿರಲಿಲ್ಲ. ಜೋಕರ್ ವಾಲ್ವ್‌ನ ಹಣ ಬೇಡ, ಅದು ಹೇಗೂ ಬದಲಾಯಿಸುವ ವಸ್ತುವೇ. ವೆಂಟ್ ಕೊಳವೆಯನ್ನು ನಿಮ್ಮ ಖರ್ಚಿನಲ್ಲಿ ಹೊಸದಾಗಿ ಹಾಕಬೇಕು. ಈಗಿರುವ 16 ಮಿಲಿಮೀಟರ್ ಬದಲು 25 ಮಿಲಿಮೀಟರ್, ಎಲ್ಲೂ ಜೋತು ಬೀಳದೆ ಉದ್ದಕ್ಕೂ ಮೇಲಕ್ಕೇ ಏರುವಂತೆ. ಫಿಲ್ಟರ್ ಹಾಕುವುದಾದರೆ ಟ್ಯಾಂಕಿಗಿಂತ ಎತ್ತರದಲ್ಲಿ ಹಾಕಿ. ವೈ ವಾಲ್ವ್ ಹಿಡಿಕೆಯನ್ನು ಸರಿಯಾಗಿ ಕೂರಿಸಿ, ಬಣ್ಣ ಸೇರಿಸಿದ ನೀರು ಹಾಕಿ ನನ್ನ ಎದುರೇ ಪರೀಕ್ಷೆ ಮಾಡಿ. ಬಾಗಿದ ಟ್ಯಾಂಕಿನಲ್ಲಿ ಬಿರುಕು ಇದೆಯೇ ಎಂದು ನೋಡಿ ಬರವಣಿಗೆಯಲ್ಲಿ ಕೊಡಿ. ಬಿರುಕು ಇದ್ದರೆ ಟ್ಯಾಂಕ್ ಬದಲಾಯಿಸುವ ಹೊಣೆ ನಿಮ್ಮದು.

ಈ ಕೆಲಸಕ್ಕೆ ಸ್ವಲ್ಪ ಅನುಭವ ಇರುವವರನ್ನು ಕಳಿಸಿ. ಆ ಹುಡುಗನನ್ನು ಬೈಯಬೇಡಿ, ಅವನ ಜೊತೆ ಯಾರೂ ಇರಲಿಲ್ಲ. ಸುಮ್ನೆ ಬಿಡಿಭಾಗಗಳ ಪೆಟ್ಟಿಗೆ ಕೊಟ್ಟು ಕಳಿಸಿದ್ದು ನೀವು.

15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬಾರದಿದ್ದರೆ ಬಿಲ್‌ಗಳು, ಫಿಲ್ಟರ್‌ನ ಫೋಟೋ ಮತ್ತು ಆ ಮೂರು ಮೀಟರ್ ಹೋಸ್ ಸಮೇತ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಹೋಸನ್ನು ಇನ್ನೂ ತೊಳೆದಿಲ್ಲ.

ಇಂತಿ,
ದೋಣಿಯ ಮಾಲೀಕ

ಮರೆತಿದ್ದೆ: ನನ್ನ ಹಳೆಯ ಪಂಪ್ ನಿಮ್ಮ ವರ್ಕ್‌ಶಾಪ್‌ನಲ್ಲೇ ಇದೆ. ಅದು ಚೆನ್ನಾಗಿಯೇ ಇತ್ತು. ಬರುವಾಗ ತೆಗೆದುಕೊಂಡು ಬನ್ನಿ.