ಮೊಟ್ಟೆ ಇಡುವ ಕಾಲದಲ್ಲಿ ಜೆಸಿಬಿ ಇಳಿಸಬೇಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಿಮ್ಮ ಕಚೇರಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಪ್ರತಿ ಸಲವೂ ಸೀಲ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಹುಲ್ಲು ಬಯಲುಗಳು ಒಂದೊಂದಾಗಿ ಲೇಔಟ್ ಆಗುತ್ತಿರುವುದು ನಿಮಗೆ ಗೊತ್ತೇ ಇದೆ. ಶಂಕುಸ್ಥಾಪನೆಗೆ ನೀವೇ ಬಂದಿದ್ದಿರಲ್ಲ. ಮನೆ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಹಕ್ಕಿ ಮೊಟ್ಟೆ ಇಡುವ ಕಾಲದಲ್ಲಿ ಜೆಸಿಬಿ ಇಳಿಸಬೇಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಈ ಬೇಸಿಗೆಯಲ್ಲಿ ಆದದ್ದು ಕೇಳಿ. ಕೆಂಪು ಟಿಟ್ಟಿಭವೊಂದು ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡು ಅಂದರೆ ಸಣ್ಣ ಗುಂಡಿ, ಸುತ್ತ ಒಂದಿಷ್ಟು ಹರಳುಕಲ್ಲು. ಮೊಟ್ಟೆಯ ಬಣ್ಣವೂ ಮಣ್ಣಿನದೇ, ಪಕ್ಕದಲ್ಲೇ ನಿಂತರೂ ಕಾಣದು. ಬಿಸಿಲೇರಿದಾಗ ಹಕ್ಕಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತಿತ್ತು. ನಾನು ಸುತ್ತ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಬೈನಾಕ್ಯುಲರ್ ಹಿಡಿದು ನಿಂತ ನನ್ನನ್ನು ಸೈಟ್ ನೋಡಲು ಬಂದವನು ಅಂದುಕೊಂಡು ರೇಟ್ ಹೇಳಿದರು! ಮರಿಯಾಗಲು ಹೆಚ್ಚುಕಮ್ಮಿ ನಾಲ್ಕು ವಾರ, ಆಮೇಲೆ ಅವು ತಾವೇ ನಡೆದು ಹೋಗುತ್ತವೆ ಎಂದು ಮೇಸ್ತ್ರಿಯನ್ನು ಬೇಡಿಕೊಂಡೆ. “ಆಯ್ತು ಸಾರ್” ಅಂದ. ಮರುದಿನ ಬೆಳಿಗ್ಗೆ ಕೋಲೂ ಇಲ್ಲ, ಮೊಟ್ಟೆಯೂ ಇಲ್ಲ. ನೆಲ ಮಟ್ಟ ಮಾಡಿ ಸುಣ್ಣದ ಗೆರೆ ಎಳೆದಿದ್ದರು. ಜೋಡಿ ಹಕ್ಕಿ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತಿತ್ತು. ಕೇಳಿದರೆ, “ಅಷ್ಟೊಂದು ಮರ ಇದೆಯಲ್ಲ, ಅಲ್ಲಿ ಹೋಗಿ ಕೂರ್ಲಿ” ಅಂದರು.

ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವ ಹಕ್ಕಿಯೇ ಅಲ್ಲ ಸ್ವಾಮಿ. ನೆಲಗುಬ್ಬಿ, ಲಾವುಗೆ, ಗೌಜಲಹಕ್ಕಿ ಮೊಟ್ಟೆ ಇಡುವುದೂ ನೆಲದಲ್ಲೇ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ತಂಗುವುದೂ ಹುಲ್ಲಿನ ನಡುವೆ ನೆಲದ ಮೇಲೆಯೇ. ಅಂಥ ಬಯಲಲ್ಲಿ ನೀವು ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡಿರಿ. ಸಸಿ ಮರವಾದರೆ ಕಾಗೆಗಳಿಗೆ ಮೇಲೆ ಕೂತು ಮೊಟ್ಟೆ ಹುಡುಕಲು ಅನುಕೂಲ. ಆ ಮಟ್ಟಿಗೆ ಒಳ್ಳೆಯ ಕೆಲಸವೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಕೂಡ ಅದರ ಪ್ರಕಾರ ಬೇಟೆಯೇ. ಆದರೆ ಕೋವಿ ಹಿಡಿದವನಿಗೆ ಕೇಸು, ಜೆಸಿಬಿ ಓಡಿಸಿದವನಿಗೆ ಬಿಲ್ ಪಾಸು. ಹೀಗೇ ಅಲ್ವಾ?

ಮತ್ತೆ ಕೇಳುತ್ತೇನೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಯಲಿಗೆ ಯಂತ್ರ ಇಳಿಸಬೇಡಿ. ಭೂಪರಿವರ್ತನೆಗೆ ಸಹಿ ಬೀಳುವ ಮೊದಲು ಅಲ್ಲಿ ಯಾವ ಹಕ್ಕಿ ಗೂಡು ಮಾಡುತ್ತದೆ ಅಂತ ಬಲ್ಲವರಿಂದ ನೋಡಿಸಿ. ಬೇಕಿದ್ದರೆ ನಾವೇ ಬರುತ್ತೇವೆ, ಸಂಬಳವೂ ಬೇಡ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಜೆಸಿಬಿ ಬೇಡ. ಮುಂದಿನ ಲೇಔಟಿನ ಕೆಲಸ ಶುರುವಾಗುವ ಮೊದಲೇ ಅಧಿಕಾರಿಗಳಿಂದ ಆದೇಶ ಮಾಡಿಸಿ.

ಇತಿ,
ನಿಮ್ಮ ಕ್ಷೇತ್ರದ ಮತದಾರ, ಹಕ್ಕಿ ನೋಡುವ ಹುಚ್ಚಿನವ