ಕುರ್ಚಿ ಕಾಲಿನ ಬಿಳಿ ಕಲೆ ಬಿಸಿಲಿನದ್ದಲ್ಲ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಬೇಲೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿಸಿ ಕೂತಿದ್ದ ನಮ್ಮ ದೊಡ್ಡಮ್ಮ ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಮುಂಗೈ ಮೂಳೆ ಮುರಿಯಿತು. ಕೆಂಪು ಪ್ಲಾಸ್ಟಿಕ್ ಕುರ್ಚಿ, ಹಿಂದಿನ ಕಾಲು ಸೀಟಿಗೆ ಸೇರುವ ಕಡೆ ಮುರಿದಿತ್ತು, ಮುರಿದ ಅಂಚಿನ ಸುತ್ತ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಉಳಿದ ಕುರ್ಚಿಗಳನ್ನು ಮಗುಚಿ ನೋಡಿದೆ. ಇನ್ನೂ ಆರರಲ್ಲಿ ಅದೇ ಜಾಗದಲ್ಲಿ ಅದೇ ಬಿಳುಪು! ಬಾಡಿಗೆಗೆ ಕೊಟ್ಟವರನ್ನು ಕೇಳಿದರೆ "ಬಿಸಿಲಿಗೆ ಬಣ್ಣ ಹೋಗಿದೆ ಅಷ್ಟೇ ಸಾರ್" ಅಂದರು.

ಬಿಸಿಲಿಗೆ ಹೋದರೆ ಬಿಸಿಲು ಬಿದ್ದ ಕಡೆಯೆಲ್ಲ ಹೋಗಬೇಕು, ಅಲ್ವಾ? ಇದು ಬೇರೆ. ಪ್ಲಾಸ್ಟಿಕ್ಕನ್ನು ಜಾಸ್ತಿ ಎಳೆದಾಗ, ಬಗ್ಗಿಸಿದಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳುಗಳು ಏಳುತ್ತವೆ. ಹಸಿರು ಸೋಪಿನ ನೊರೆ ಬೆಳ್ಳಗಿರುತ್ತದಲ್ಲ, ಆ ಗುಳ್ಳೆಗಳ ಹಾಗೆಯೇ ಈ ಟೊಳ್ಳುಗಳೂ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್, ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೊಮೀಟರ್, ಟೊಳ್ಳುಗಳು ಆ ಅಳತೆಯ ಹತ್ತಿರಕ್ಕೆ ಬೆಳೆದರೆ ಸಾಕು, ಕೆಂಪು ಕುರ್ಚಿಯೂ ಅಲ್ಲಿ ಬೆಳ್ಳಗೆ ಕಾಣುತ್ತದೆ. ಖರ್ಚು ಉಳಿಸಲು ಸುಣ್ಣದ ಕಲ್ಲಿನ ಪುಡಿ ಬೆರೆಸಿದ ಮಾಲಿನಲ್ಲಿ ಇದು ಇನ್ನೂ ಸುಲಭ. ಎಳೆತ ಬಿದ್ದಾಗ ಪುಡಿಯ ಕಣ ಪ್ಲಾಸ್ಟಿಕ್ಕಿನಿಂದ ಬಿಟ್ಟುಕೊಂಡು ಅಲ್ಲೇ ಟೊಳ್ಳಾಗುತ್ತದೆ.

ಒಡೆದ ಬಕೆಟ್ಟಿನ ಒಂದು ಚೂರು ತಗೊಂಡು ಬಗ್ಗಿಸಿ ನೋಡಿ. ಮಡಿಕೆಯ ಉದ್ದಕ್ಕೂ ಬಿಳಿ ಗೆರೆ ಏಳುತ್ತದೆ, ಮತ್ತೆ ನೆಟ್ಟಗೆ ಮಾಡಿದರೂ ಹೋಗುವುದಿಲ್ಲ. ಬಿಸಿ ತಾಗಿಸಿದರೆ ಬಿಳುಪು ಸ್ವಲ್ಪ ಮಾಸಬಹುದು. ಹಾಗಂತ ಹಳೇ ಗಟ್ಟಿತನ ವಾಪಸ್ ಬಂತು ಅಂದುಕೊಳ್ಳಬೇಡಿ.

ಬೆಳ್ಳಗಾದದ್ದೆಲ್ಲ ಮುರಿಯುತ್ತದೆ ಅಂತಲೂ ಅಲ್ಲ. ಡಬ್ಬಿ ಮುಚ್ಚಳದ ತೆಳ್ಳನೆ ಮಡಿಕೆ ಬೆಳ್ಳಗಾಗಿಯೂ ಸಾವಿರಾರು ಸಲ ಬಗ್ಗುತ್ತದೆ, ಅದನ್ನು ಮಾಡಿರುವುದೇ ಬಗ್ಗಲಿ ಅಂತ. ಕುರ್ಚಿ ಕಾಲು ಹಾಗಲ್ಲ, ಅದು ಮನುಷ್ಯರ ಭಾರ ಹೊರಬೇಕು. ಭಾರ ಮತ್ತೆ ಮತ್ತೆ ಬಿದ್ದಾಗ ಟೊಳ್ಳುಗಳು ಒಂದಕ್ಕೊಂದು ಕೂಡಿ ಬಿರುಕಾಗುತ್ತವೆ, ಆಮೇಲೆ ಒಂದು ದಿನ ಕಾಲು ಪಟ್ಟನೆ ಹೋಗುತ್ತದೆ.

ಶಾಮಿಯಾನದವರಲ್ಲಿ ನನ್ನ ಕೋರಿಕೆ ಇಷ್ಟೇ. ಗಾಡಿಗೆ ಏರಿಸುವ ಮುಂಚೆ ಕುರ್ಚಿ ಮಗುಚಿ, ಕಾಲು ಸೀಟಿಗೆ ಸೇರುವ ಜಾಗ ನೋಡಿ. ಬೆಳ್ಳಗಾಗಿದ್ದರೆ ಪಕ್ಕಕ್ಕಿಡಿ, ತಂತಿ ಸುತ್ತಿ ಮತ್ತೆ ಕಳಿಸಬೇಡಿ. ಮನೆಯಲ್ಲಿ ಕಾರ್ಯ ಇಟ್ಟುಕೊಂಡವರೂ ಕುರ್ಚಿ ಇಳಿಸಿಕೊಳ್ಳುವಾಗಲೇ ನೋಡಿ, ವಯಸ್ಸಾದವರಿಗೆ ಹಾಕುವ ಕುರ್ಚಿಯನ್ನಂತೂ ನೋಡದೆ ಹಾಕಬೇಡಿ.

– ಒಬ್ಬ ಓದುಗ, ಹಾಸನ